ವಂಶದ ಮಾತು

ಕುಷ್ಠವೆಂಬುದು ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಒಂದೇ ರೋಗದ ಹೆಸರಲ್ಲ. ಚರಕಸಂಹಿತೆಯು ಅದರಲ್ಲಿ 18 ಭೇದಗಳನ್ನು ಎಣಿಸುತ್ತದೆ; ಮೀನಿನ ಪೊರೆಯಂತೆ ಚರ್ಮವೇಳುವ ಏಕಕುಷ್ಠವು ಅವುಗಳಲ್ಲೊಂದು. ಇಂದಿನವರು ಸೋರಿಯಾಸಿಸ್ ಎನ್ನುವ ವ್ಯಾಧಿಯನ್ನು ಆಯುರ್ವೇದ ಪಂಡಿತರು ಬಹುಮಟ್ಟಿಗೆ ಇದಕ್ಕೇ ಹೋಲಿಸುವರು. ಆದರೆ ಆಡುಮಾತಿನಲ್ಲಿ ಕುಷ್ಠವೆಂದರೆ ಅಂಟುವ ಮಹಾರೋಗವೆಂಬ ಅರ್ಥವೊಂದೇ ಉಳಿದಿದೆ.

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ, ಲಗ್ನಪತ್ರಿಕೆಯ ಅಂಗಡಿಗಳ ನಡುವೆ, ನನ್ನ ಚಿಕ್ಕಪ್ಪನವರ ಮನೆಯಿದೆ. ಅವರ ಮಗಳ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುನ್ನವೇ ಸಂಬಂಧ ಮುರಿಯಿತು. ಚಿಕ್ಕಪ್ಪನವರ ಮೊಣಕೈಯ ಕೆಂಪು ಕಲೆಯೂ ಅದರ ಮೇಲಣ ಬೆಳ್ಳನೆಯ ಹೊಟ್ಟೂ ಬೀಗರ ಕಣ್ಣಿಗೆ ಬಿದ್ದಿದ್ದವು. ಇದು ಅಂಟುವುದಲ್ಲವೆಂದು ವೈದ್ಯರಿಂದಲೇ ಹೇಳಿಸಿದೆವು. “ಅಂಟದಿರಬಹುದು, ವಂಶದಲ್ಲಿ ಇಳಿದುಬರುತ್ತದಲ್ಲ!” ಎಂದರು. ಈ ಎರಡನೆಯ ಮಾತು ಸುಳ್ಳಲ್ಲ. ಆದುದರಿಂದಲೇ ಅದನ್ನು ಎಚ್ಚರಿಕೆಯಿಂದ ತೂಗಬೇಕು.

ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ 14, ಇಬ್ಬರಿಗೂ ಇದ್ದರೆ 41 ಎಂಬ ಲೆಕ್ಕ ಪುಸ್ತಕಗಳಲ್ಲಿದೆ. (ಬೀಗರ ಕಡೆಯ ಮೊಣಕೈಗಳನ್ನು ಯಾರೂ ಪರೀಕ್ಷಿಸಲಿಲ್ಲವೆಂಬುದು ಬೇರೆ ಮಾತು.) ಆದರೆ ಈ ಲೆಕ್ಕ ಐರೋಪ್ಯ ಕುಟುಂಬಗಳನ್ನು ನೋಡಿ ಮಾಡಿದ್ದು, ರೋಗವಾದರೋ ಎಲ್ಲ ಜನಾಂಗಗಳಲ್ಲಿಯೂ ಒಂದೇ ಪ್ರಮಾಣದಲ್ಲಿಲ್ಲ. ಆರನೆಯ ವರ್ಣತಂತುವಿನಲ್ಲಿ, ದೇಹವು ತನ್ನದಾವುದು ಪರಕೀಯವಾವುದು ಎಂದು ಅರಿಯಲು ನೆರವಾಗುವ ವಂಶವಾಹಿಯೊಂದುಂಟು. ಅದರ ‘ಎಚ್‌ಎಲ್‌ಎ-ಸಿ 06:02’ ಎಂಬ ರೂಪಕ್ಕೂ ಈ ರೋಗಕ್ಕೂ ಇರುವ ನಂಟು ಐರೋಪ್ಯರಲ್ಲಿ ಬಲವಾಗಿದೆ. ನಮ್ಮ ದೇಶದ ರೋಗಿಗಳಲ್ಲಿಯೂ ಕಂಡುಬಂದಿದೆ. ಜಪಾನೀಯರಲ್ಲಿ ಆ ರೂಪವೂ ವಿರಳ, ರೋಗವೂ ವಿರಳ. ಆದರೂ ಅಲ್ಲಿ ರೋಗಿಗಳಿಲ್ಲದಿಲ್ಲ; ಅಂದಮೇಲೆ ಬೇರೆ ದಾರಿಗಳೂ ಇರಲೇಬೇಕು.

ಇನ್ನು, ಆ ರೂಪವನ್ನು ಹೊತ್ತವರಲ್ಲಿ ಬಹುಪಾಲು ಮಂದಿಗೆ ಜನ್ಮಪರ್ಯಂತ ಏನೂ ಆಗುವುದಿಲ್ಲ. ಒಂದೇ ಅಂಡದಿಂದಾದ ಅವಳಿಗಳಲ್ಲಿ ಕೂಡ ಒಬ್ಬನಿಗೆ ಬಂದು ಮತ್ತೊಬ್ಬನಿಗೆ ಬಾರದಿರುವುದುಂಟು. ಗಂಟಲಿನ ಸೋಂಕು, ಚರ್ಮಕ್ಕಾದ ಗಾಯ, ಮನಸ್ಸಿನ ಬೇಗುದಿ, ಕೆಲವು ಔಷಧಗಳು ಇವು ಅಡಗಿದ್ದುದನ್ನು ಎಬ್ಬಿಸುವುವು. ಮನಸ್ಸಿನ ಬೇಗುದಿಗೆ ಆ ವರ್ಷ ಚಿಕ್ಕಪ್ಪನವರ ಮನೆಯಲ್ಲಿ ಕೊರತೆಯಿರಲಿಲ್ಲ.

2020ರಲ್ಲಿ ಮೊದಲಾದ ‘ಜೀನೋಮ್ ಇಂಡಿಯಾ’ ಕಾರ್ಯವನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ನಡೆಸಿಕೊಟ್ಟಿತು. ದೇಶದ 83 ಜನವರ್ಗಗಳ ಸುಮಾರು 10,000 ಮಂದಿಯ ವಂಶಲಿಪಿಯನ್ನು ಓದಿದ ಕೆಲಸವದು. ಅದು ಚರ್ಮರೋಗಿಗಳ ಗಣತಿಯಲ್ಲ. ಯಾವ ರೂಪ ಯಾವ ಜನರಲ್ಲಿ ಎಷ್ಟಿದೆಯೆಂಬುದನ್ನು ಅದರಲ್ಲಿ ಹುಡುಕಬಹುದು; ನಮ್ಮ ತಂಗಿಯ ಜಾತಕದ ಪಕ್ಕದಲ್ಲಿ ಬರೆಯುವಂತಹ ಅಂಕಿಯೊಂದು ಅದರಲ್ಲಿ ದೊರೆಯದು.