ದೀರ್ಘ ಗೀತೆಗಳ ಸಹವಾಸ

ವಾರ್ಷಿಕ ಸಂಚಿಕೆಗೆ ಒಂದು ಲೇಖನವನ್ನು ಕೊಡಲೇಬೇಕೆಂದು ಸಂಪಾದಕ ಮಿತ್ರರು ಒತ್ತಾಯಪಡಿಸಿದಾಗ, ಹತ್ತನೆಯ ತರಗತಿಯ ಮಕ್ಕಳು ಹಿಂದೊಮ್ಮೆ ಕೇಳಿದ್ದ ಪ್ರಶ್ನೆ ನೆನಪಿಗೆ ಬಂದಿತು: “ರೈಲಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ತಾವು ದಿನವೂ ಕೇಳುವುದೇನು?” ಕನ್ನಡ ಪಾಠ ಹೇಳುವವರು ದಾಸರ ಪದವನ್ನೋ ಭಾವಗೀತೆಯನ್ನೋ ಕೇಳುತ್ತಿರಬೇಕೆಂಬುದು ಅವರ ಊಹೆ. ನಿಜ ತಿಳಿದರೆ ನಿರಾಶರಾದಾರು. ನಾನು ಕೇಳುವುದು ಆಂಗ್ಲರ ಪ್ರೊಗ್ರೆಸ್ಸಿವ್ ರಾಕ್.

ಇದನ್ನು ‘ಪ್ರಗತಿಶೀಲ’ವೆಂದು ಕನ್ನಡಿಸಲು ನನಗೆ ಧೈರ್ಯವಿಲ್ಲ, ಅ.ನ.ಕೃ. ಅವರ ಚಳವಳಿ ನೆನಪಾಗಿ ಓದುಗರು ದಾರಿ ತಪ್ಪಿಯಾರು. ಇದು ಮೂರು ನಿಮಿಷಗಳ ಕುಣಿತದ ಹಾಡಾಗಿದ್ದ ರಾಕ್ ಸಂಗೀತವನ್ನು 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರು ಹಿಗ್ಗಿಸಿ ಹಿಗ್ಗಿಸಿ ಮಾಡಿದ ದೀರ್ಘ ಪ್ರಬಂಧ. ಹಳೆಯ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷ ಹಿಡಿಸಿದರೆ ಹೆಚ್ಚು. 1948ರಲ್ಲಿ ಬಂದ ಲಾಂಗ್ ಪ್ಲೇ ತಟ್ಟೆಯಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸ್ಥಳವಿತ್ತು. ಅಷ್ಟು ದೊಡ್ಡ ಅಂಗಳ ದೊರೆತ ಮೇಲೆ ಒಂದೇ ಹಾಡಿನಿಂದ ಅದನ್ನು ತುಂಬಬೇಕೆಂಬ ಆಸೆ ಯಾರಿಗಾದರೂ ಹುಟ್ಟುವುದು ಸಹಜವಲ್ಲವೆ?

ಡೊಂಬಿವಲಿಯಲ್ಲಿ ಗಾಡಿ ಹತ್ತಿದೊಡನೆ ನಾನು ಹಚ್ಚುವುದು ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’. 1972ರ ಈ ಹಾಡು ಸುಮಾರು 19 ನಿಮಿಷಗಳದು. ಮೊದಲು ನೀರಿನ ಸದ್ದು, ಹಕ್ಕಿಗಳ ಉಲಿ. ಆಮೇಲೆ ವಾದ್ಯಗಳೆಲ್ಲವೂ ಒಮ್ಮೆಗೇ ಒಂದರ ಮೇಲೊಂದು ಬಿದ್ದು ಓಡತೊಡಗುತ್ತವೆ, ನಮ್ಮ ಗಾಡಿಯ ಬಾಗಿಲಿನಲ್ಲಿ ಜನರು ಬಿದ್ದಂತೆ! ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯ ನದಿಯೇ ಈ ಹಾಡಿಗೆ ಪ್ರೇರಣೆ. ಭಾರತದ ನದಿಯೊಂದು ಜರ್ಮನ್ ಲೇಖಕನ ಕೈಯಿಂದ ಆಂಗ್ಲ ಗಾಯಕನ ಕೈಗೆ ಹೋಗಿ, ಮುಂಬ್ರಾದ ಖಾಡಿಯ ಪಕ್ಕದಲ್ಲಿ ನನ್ನ ಕಿವಿಗೆ ಮರಳಿ ಬರುತ್ತದೆ. ನಡುವೆ ವೇಗವೆಲ್ಲ ಅಡಗಿ, ಆರ್ಗನ್ನಿನ ಗಂಭೀರನಾದವೊಂದೇ ಉಳಿಯುವ ಭಾಗವಿದೆ. ಆಗ ಯಾರ ಮೊಣಕೈ ಯಾರ ಪಕ್ಕೆಗೆ ಒತ್ತುತ್ತಿದೆಯೆಂಬುದು ಮರೆತುಹೋಗುತ್ತದೆ.

ಈ ಪಂಥದವರು ಮಾಡಿದ್ದೆಲ್ಲವೂ ಚಿನ್ನವೆಂದು ನಾನು ಹೇಳಲಾರೆ. ಇದೇ ತಂಡ ಮರುವರ್ಷವೇ ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯನ್ನು ಹಿಡಿದು ನಾಲ್ಕು ಮಗ್ಗುಲುಗಳಿಗೆ ನಾಲ್ಕೇ ಹಾಡುಗಳನ್ನು ಎಳೆಯಿತು. ಸ್ವತಃ ಅವರ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅದರಿಂದ ಬೇಸತ್ತು 1974ರಲ್ಲಿ ತಂಡವನ್ನೇ ತೊರೆದರು. ನಾನೂ ಅದನ್ನು ಪೂರ್ತಿ ಕೇಳಿದ್ದು ಎರಡೇ ಸಲ.

ನಮ್ಮ ಅಪ್ಪಯ್ಯನಿಗೆ ಈ ಗದ್ದಲವೆಂದರೆ ಆಗುತ್ತಿರಲಿಲ್ಲ. ಅವರು ಕುಂದಾಪುರದ ಕಡೆಯವರು. ಮುಂಬಯಿಗೆ ಬಂದು ಕೋಟೆಯ ಭಾಗದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕುಳಿತವರು. ಶನಿವಾರ ರಾತ್ರಿ ತಾಳಮದ್ದಳೆಯಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಒಂದು ಸಂಜೆ ನಾನು ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಎಂಬ ಹಾಡನ್ನು ಹಚ್ಚಿದ್ದೆ. ಅದು ಆರಂಭವಾಗುವುದೇ ನಾಣ್ಯಗಳ ಸದ್ದು, ಕಾಗದ ಹರಿಯುವ ಸದ್ದು, ಗಲ್ಲಾಯಂತ್ರದ ಸದ್ದುಗಳಿಂದ. ಅಪ್ಪಯ್ಯ ಪತ್ರಿಕೆಯನ್ನು ಕೆಳಗಿಟ್ಟರು. ಅವರ ಬೆರಳುಗಳು ಮಣೆಯ ಮೇಲೆ ಆಡತೊಡಗಿದವು. “ಏಳು ಅಕ್ಷರ. ಇದು ತ್ರಿವುಡೆ ಅಲ್ದಾ?” ಎಂದರು. ಏಳೇ ಹೌದು. ಗಿಟಾರಿನ ಸರದಿ ಬಂದಾಗ ಹಾಡು ನಾಲ್ಕರ ಎಣಿಕೆಗೆ ಹೊರಳುತ್ತದೆ. ಅಲ್ಲಿ ಕ್ಷಣಕಾಲ ತಡೆದು, ಅದನ್ನೂ ಹಿಡಿದುಕೊಂಡು, “ಪರ್ವಾಗಿಲ್ಲ, ಲೆಕ್ಕ ಗೊತ್ತಿದ್ದವ್ರು” ಎಂದು ಪ್ರಮಾಣಪತ್ರವನ್ನೂ ಕೊಟ್ಟರು.

2023ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಪಕ್ಷವಾತವಾಯಿತು. ಬಲಗೈ ಸೋತಿತು, ಮಾತು ನಿಂತಿತು. ತಿಳಿವಳಿಕೆಗೆ ಕುಂದಿರಲಿಲ್ಲ, ಬೇಕಾದ ಪದ ಮಾತ್ರ ನಾಲಗೆಗೆ ದೊರೆಯುತ್ತಿರಲಿಲ್ಲ. ಅವರು ಒಂದು ಪದಕ್ಕಾಗಿ ಕಣ್ಣುಮುಚ್ಚಿ ಹುಡುಕುತ್ತಿದ್ದರೆ, ನೋಡಬಂದ ನೆಂಟರು “ನೀರೆ? ಔಷಧವೆ? ಫ್ಯಾನೆ?” ಎಂದು ಒಂದರ ಮೇಲೊಂದು ಪದಗಳನ್ನು ಮುಂದಿಡುತ್ತಿದ್ದರು. ಪ್ರೀತಿಯಿಂದಲೇ. ಆದರೆ ಅಪ್ಪಯ್ಯ ಸೋತು ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ವೈದ್ಯೆ ನಮಗೆ ಹೇಳಿದ್ದು ಒಂದೇ: “ಕಾಯಿರಿ. ಅವರ ಪದವನ್ನು ನೀವು ಆಡಿಬಿಡಬೇಡಿ.”

ಕಾಯುವುದು ನನಗೆ ಅಷ್ಟು ಕಷ್ಟವೆನಿಸಲಿಲ್ಲ. ಪಿಂಕ್ ಫ್ಲಾಯ್ಡ್‌ನವರ ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಹಾಡಿನಲ್ಲಿ ಗಾಯಕನ ದನಿ ಕೇಳಲು ಎಂಟು ನಿಮಿಷಕ್ಕೂ ಹೆಚ್ಚು ಕಾಲ ಕಾಯಬೇಕು. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು ತಂಡದಿಂದ ದೂರವಾದ ಗೆಳೆಯ ಸಿಡ್ ಬ್ಯಾರೆಟ್‌ನನ್ನು ನೆನೆದು ಕಟ್ಟಿದ ಹಾಡು ಅದು. 1975ರ ಜೂನ್ ತಿಂಗಳಲ್ಲಿ ಅದರ ಕೆಲಸ ನಡೆದಿದ್ದಾಗಲೇ ಆತ ಮುದ್ರಣಶಾಲೆಗೆ ಬಂದು ನಿಂತನಂತೆ. ತಲೆ, ಹುಬ್ಬು ಬೋಳಿಸಿಕೊಂಡು ದಪ್ಪಗಾಗಿದ್ದ ಅವನನ್ನು ಗೆಳೆಯರಿಗೆ ಮೊದಲು ಗುರುತಿಸಲಾಗಲಿಲ್ಲ. ಆ ಎಂಟು ನಿಮಿಷಗಳನ್ನು ನೂರಾರು ಸಲ ಕಾದವರಿಗೆ ತಂದೆಯ ಒಂದು ಮಾತಿಗಾಗಿ ಕಾಯುವುದು ಹೊಸ ಪಾಠವೇನಲ್ಲ. ಸಂಜೆ ಶಾಲೆಯಿಂದ ಬಂದು ಅವರ ಮಂಚದ ಬಳಿ ಸುಮ್ಮನೆ ಕೂಡುತ್ತಿದ್ದೆ. ಕೆಲವೊಮ್ಮೆ ‘ಮನಿ’ಯನ್ನು ಹಚ್ಚುತ್ತಿದ್ದೆ, ಅವರು ಎಡಗೈಯಿಂದ ಏಳನ್ನು ಎಣಿಸುತ್ತಿದ್ದರು.

ಈಚೆಗೆ ಒಂದು ಭಾನುವಾರ ಅವರು ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಮದ್ದಳೆ ತೂಗುತ್ತಿತ್ತು. ನಾನು ಏನನ್ನೂ ಕೇಳಲಿಲ್ಲ. ಕೆಳಗೆ ತರಕಾರಿಯವನು ಕೂಗುತ್ತಾ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ. ಆಮೇಲೆ ಅಪ್ಪಯ್ಯ ಒಂದೊಂದಾಗಿ ಮೂರು ಪದಗಳನ್ನು ಹೊರತೆಗೆದರು: “ಮದ್ದಳೆ... ಕರಣೆ... ಹೋಯ್ತ್.”

ಇಳಿಸಿ ನೋಡಿದೆ. ಕರಣೆ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಸರಿಪಡಿಸಬಲ್ಲವರು ಹತ್ತಿರದಲ್ಲಿ ಯಾರೂ ದೊರೆಯಲಿಲ್ಲ. ಊರಿಗೆ ಹೋಗುವ ರಾತ್ರಿಯ ಬಸ್ಸಿನಲ್ಲಿ, ಹಳೆಯ ಕಂಬಳಿಯೊಂದನ್ನು ಸುತ್ತಿ, ಕಳುಹಿಸಿಕೊಟ್ಟಿದ್ದೇನೆ.