ಮೀನಿನ ಉಸಿರೂ ಗಿಡದ ಆಹಾರವೂ

ಬಾಗಲಕೋಟೆಯಿಂದ ಬಾದಾಮಿಗೂ, ಅಲ್ಲಿಂದ ಹುನಗುಂದದ ಮಾರ್ಗವಾಗಿ ಇಳಕಲ್ಲಿಗೂ ಹೋಗುವ ಯಾತ್ರಿಕರು ದೇವಾಲಯಗಳ ಶಿಲ್ಪವನ್ನು ಕೊಂಡಾಡುವರೇ ಹೊರತು, ಅವುಗಳ ಎದುರಿನ ನೀರನ್ನು ನಿಂತು ನೋಡುವವರು ವಿರಳ. ಆ ನೀರಿನಲ್ಲಿ ಗೃಹಸ್ಥರು ಕಲಿಯತಕ್ಕ ಪಾಠವೊಂದುಂಟು.

ಬಾದಾಮಿಗೆ ಸಮೀಪದ ಮಹಾಕೂಟದಲ್ಲಿ ದೊಡ್ಡ ಮರಗಳ ನೆರಳಿನ ನಡುವೆ ವಿಷ್ಣು ಪುಷ್ಕರಿಣಿಯಿದೆ. ಇದು ಬುಗ್ಗೆಯ ನೀರು. ನೆಲದೊಳಗೆ ಬೇರುಗಳು ಬಿಡುವ ಉಸಿರೂ, ಕೊಳೆತ ಎಲೆಗಳಿಂದ ಹುಟ್ಟುವ ಇಂಗಾಲಾಮ್ಲ ವಾಯುವೂ ಅಂತರ್ಜಲದಲ್ಲಿ ಕರಗಿ ಮೇಲಕ್ಕೆ ಬರುತ್ತವೆ. ನೀರೊಳಗಿನ ಸಸ್ಯಕ್ಕೆ ಇದೇ ಮೊದಲ ಆಹಾರ. ಮೀನಿನ ಉಸಿರು ಅದರ ಮೇಲೆ ಸೇರುವ ಅಲ್ಪ ಕಾಣಿಕೆ.

ಬಾದಾಮಿಯ ಅಗಸ್ತ್ಯತೀರ್ಥದ ರೀತಿ ಬೇರೆ. ಕೆಂಪು ಬಂಡೆಗಳ ನಡುವೆ ಹರಡಿದ ಈ ಕೆರೆಯ ಒಂದು ದಡದಲ್ಲಿ ಭೂತನಾಥನ ಗುಡಿಗಳು. ದಕ್ಷಿಣದ ಬೆಟ್ಟದಲ್ಲಿ ಗುಹಾಲಯಗಳು. ಅವುಗಳಲ್ಲಿ ಮೂರನೆಯದು ಕ್ರಿ. ಶ. 578ರ ಶಾಸನವುಳ್ಳದ್ದು. ಇಲ್ಲಿಯ ಹಸುರು ನೀರು ಪಾಚಿಯಿಂದಾದುದು. ಹಗಲಿನಲ್ಲಿ ಪಾಚಿಯು ಬಿಸಿಲಿನ ಬಲದಿಂದ ಇಂಗಾಲಾಮ್ಲವನ್ನು ಉಂಡು ಪ್ರಾಣವಾಯುವನ್ನು ಬಿಡುವುದು. ರಾತ್ರಿಯಾದರೋ ಅದೂ ಮೀನಿನಂತೆಯೇ ಪ್ರಾಣವಾಯುವನ್ನು ಬೇಡುವುದು. ಆದುದರಿಂದಲೇ ಹಸುರುಗಟ್ಟಿದ ಕೆರೆಗಳಲ್ಲಿ ಬೆಳಗಿನ ಜಾವಕ್ಕೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಪುಣ್ಯಾರ್ಥವಾಗಿ ಚುರುಮುರಿಯನ್ನು ಅತಿಯಾಗಿ ಚೆಲ್ಲಿದರೆ ಅದು ಕೊಳೆತು ಉಳಿದ ಪ್ರಾಣವಾಯುವನ್ನೂ ಹೀರುವುದು. ಸಂಸ್ಕೃತದಲ್ಲಿ ಅನಿಮಿಷವೆಂಬ ಶಬ್ದವು ದೇವತೆಗೂ ಮೀನಿಗೂ ಸಮಾನವಾಗಿ ಸಲ್ಲುತ್ತದೆ. ಆದರೆ ದೇವತೆಗಳಂತೆ ಮೀನು ಅಮರವಲ್ಲ.

ಈ ಕೊಡು-ಕೊಳ್ಳುವಿಕೆಯನ್ನು ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞನು ಗಾಜಿನ ಪಾತ್ರೆಯಲ್ಲಿ ಪರೀಕ್ಷಿಸಿ 1850ರಲ್ಲಿ ಪ್ರಕಟಿಸಿದನು. ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಆತನು ಒಟ್ಟಿಗಿಟ್ಟನು. ಕೊಳೆತ ಎಲೆಗಳಿಂದ ನೀರು ಕದಡಲು, ಅವನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟನು. ಆಗ ನೀರು ತಿಳಿಯಾಯಿತು.

ಬಾದಾಮಿಯನ್ನು ಬಿಟ್ಟು, ಐಹೊಳೆಯನ್ನು ಕಂಡು, ಹುನಗುಂದವನ್ನು ದಾಟಿ ಸೀರೆಗೆ ಹೆಸರಾದ ಇಳಕಲ್ಲನ್ನು ಸೇರಿದಾಗ, ಪರಿಚಿತರ ಮನೆಯೊಂದರಲ್ಲಿ ಇದೇ ತತ್ತ್ವದ ವಿಪರೀತ ಪ್ರಯೋಗವನ್ನು ಕಂಡೆನು. ಕೋಣೆಯಲ್ಲಿ ಕುಂಡದ ಗಿಡಗಳು, ನಡುವೆ ಮೀನಿನ ಪಾತ್ರೆ. ಮೀನಿನ ಉಸಿರು ಗಿಡಗಳಿಗೇ ದಕ್ಕಲೆಂದು ಕಿಟಕಿಗಳೆಲ್ಲ ಮುಚ್ಚಿದ್ದುವು. ಎಲೆಗಳು ಬಿಳಿಚಿದ್ದುವು, ಮೀನುಗಳು ನೀರಿನ ಮೇಲ್ಭಾಗದಲ್ಲಿ ಏದುತ್ತಿದ್ದುವು.

ಲೆಕ್ಕವನ್ನು ನೋಡಿರಿ. ಒಬ್ಬ ಮನುಷ್ಯನು ದಿನವೊಂದಕ್ಕೆ ಸುಮಾರು 1 ಕಿಲೋಗ್ರಾಂ ಇಂಗಾಲಾಮ್ಲವನ್ನು ಉಸಿರಿನಲ್ಲಿ ಬಿಡುವನು. ಬೆರಳುದ್ದದ ಮೀನು 1 ಗ್ರಾಮನ್ನೂ ಬಿಡಲಾರದು. ಸಾವಿರ ಮೀನುಗಳು ಕೂಡಿದರೂ ಮನೆಯ ಯಜಮಾನನೊಬ್ಬನಿಗೆ ಸಾಟಿಯಾಗವು! ಹೊರಗಿನ ಗಾಳಿಯ ಹತ್ತು ಸಾವಿರ ಭಾಗಗಳಲ್ಲಿ ಈಗ ನಾಲ್ಕಕ್ಕೆ ಮಿಕ್ಕಿ ಇಂಗಾಲಾಮ್ಲವಿದೆ. ಕುಂಡದ ಗಿಡಕ್ಕೆ ಅಷ್ಟು ಸಾಕು. ಅದಕ್ಕೆ ಕೊರತೆಯಾಗಿದ್ದುದು ಬೆಳಕು. ಕಿಟಕಿ ತೆರೆಯಿಸಿ, ಗಿಡಗಳನ್ನು ಅದರ ಬಳಿಗೆ ಸರಿಸಿ, ಪಾತ್ರೆಯ ನೀರಿನ ಕಾಲುಭಾಗವನ್ನು ಬದಲಾಯಿಸಿದೆವು.

ತೆಗೆದ ಆ ನೀರನ್ನು ಚೆಲ್ಲಲಾಗದು. ನೆಲದ ಗಿಡಕ್ಕೆ ಮೀನು ಕೊಡುವ ನಿಜವಾದ ಆಹಾರವು ಉಸಿರಿನಲ್ಲಿಲ್ಲ, ಈ ನೀರಿನಲ್ಲಿದೆ. ಮೀನಿನ ಮಲಿನದಲ್ಲಿರುವ ಅಮೋನಿಯವನ್ನು ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅದು ಉತ್ತಮ ಗೊಬ್ಬರ. ವಾರಕ್ಕೊಮ್ಮೆ ಈ ನೀರನ್ನು ತುಳಸಿಗೂ ಕುಂಡಗಳಿಗೂ ಎರೆಯತಕ್ಕದ್ದು. ಕ್ಲೋರಿನ್ ಬೆರೆತ ನಲ್ಲಿಯ ನೀರನ್ನು ಒಂದು ದಿನ ತೆರೆದಿಟ್ಟು ಪಾತ್ರೆಗೆ ತುಂಬುವುದು ಲೇಸು. ಎರಡೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಮೀನಿಗೆ ಉಣಿಸಿರಿ. ಮಿಕ್ಕ ಅನ್ನವೇ ಅದಕ್ಕೆ ವಿಷವಾಗುವುದೆಂದು ಮನೆಯ ಮಕ್ಕಳಿಗೂ ತಿಳಿಯಹೇಳಿರಿ.