ನಿಂತ ಬಸ್ಸು ಮತ್ತೆ ಹೊರಟದ್ದು

ನಿಂತ ನೀರು ಕೆಡುತ್ತದೆ ಎಂಬ ಮಾತನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತ ಬಂದವರು. ನಿಂತ ಬಸ್ಸೂ ಕೆಡುತ್ತದೆ ಎಂಬುದು ಮಾತ್ರ ನಮಗೆ ಗೊತ್ತಾದದ್ದು 2021ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ.

ನಾವೆಂದರೆ ರಕ್ಷಕ-ಶಿಕ್ಷಕ ಸಂಘದ ಐದಾರು ಮಂದಿ. ಹೆಚ್ಚಿನವರು ಇದೇ ಶಾಲೆಯ ಬೆಂಚಿನಲ್ಲಿ ಕುಳಿತು ಎದ್ದವರು. ಯಂತ್ರದ ವಿಷಯದಲ್ಲಿ ನಮ್ಮ ಪಾಂಡಿತ್ಯ ತೋಟದ ಪಂಪ್‌ಸೆಟ್ಟಿನಿಂದ ಆಚೆಗೆ ಹೋದದ್ದಲ್ಲ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾದ ಕಾರಣ ಕೇರಳದ ಶಾಲೆಗಳು ಮುಚ್ಚಿದಾಗ, ಹದಿನೈದು ದಿನದ ಮಾತು ಎಂದುಕೊಂಡು ಶಾಲೆಯ ಬಸ್ಸನ್ನು ಹಿತ್ತಿಲಿನ ಶೀಟಿನ ಮಾಡಿನ ಕೆಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೀಗ ಹಾಕಿ ಮನೆಗೆ ಹೋದೆವು. ಹದಿನೈದು ದಿನ ಹೋಗಿ ಹತ್ತೊಂಬತ್ತು ತಿಂಗಳಾಯಿತು. ಎರಡು ಮಳೆಗಾಲ ಕಳೆಯಿತು. ನಮ್ಮ ಕಾಸರಗೋಡು ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡು. ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುವಾಗ ಬಸ್ಸನ್ನು ಬಿಟ್ಟೀತೇ?

ನವೆಂಬರ್ 1ರಿಂದ ಶಾಲೆ ತೆರೆಯುವುದೆಂದು ಸರಕಾರ ಪ್ರಕಟಿಸಿತು. ಮರುದಿನವೇ ಗುಡ್ಡದಾಚೆಯಿಂದ ಒಬ್ಬ ತಾಯಿಯ ಫೋನು ಬಂತು. “ಬಸ್ಸು ಉಂಟೋ ಇಲ್ಲವೋ ಹೇಳಿ. ಇಲ್ಲವಾದರೆ ಇಂಗ್ಲಿಷ್ ಶಾಲೆಯ ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಮಗುವನ್ನು ಮೂರು ಮೈಲು ನಡೆಸಲು ನನ್ನಿಂದಾಗದು.” ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ದಾರಿಯಲ್ಲಿ ನಮ್ಮ ಬಸ್ಸನ್ನೇ ನಂಬಿದ ಮಕ್ಕಳು ಮೂವತ್ತೆಂಟು. ಗಡಿನಾಡಿನ ಕನ್ನಡ ಶಾಲೆಯ ಅಳಿವು ಉಳಿವು ಎಷ್ಟೋ ಸಲ ಇಂಥ ಸಣ್ಣ ಪ್ರಶ್ನೆಯ ಮೇಲೆ ನಿಂತಿರುತ್ತದೆ. “ಉಂಟು, ಖಂಡಿತ ಉಂಟು” ಎಂದು ಹೇಳಿಬಿಟ್ಟೆವು. ಹೇಳಿದ ಮೇಲೆ ಬಸ್ಸನ್ನು ನೋಡಲು ಹೋದೆವು!

ಗಾಂಧಿ ಜಯಂತಿಯ ದಿನ ಬೀಗ ತೆಗೆದಾಗ ಕಂಡ ನೋಟ ಹೇಳುವಂಥದ್ದಲ್ಲ. ಆಸನಗಳ ಮೇಲೆ ಹಸಿರು ಬೂಸ್ಟು, ಕಿಟಕಿಯ ಸಂದಿಯಲ್ಲಿ ಕಡಜದ ಗೂಡು, ಹಿಂದಿನ ಮೂಲೆಯಲ್ಲಿ ಹಾವಿನ ಪೊರೆ. ನಮ್ಮಲ್ಲೊಬ್ಬರು ಪೊರೆಯನ್ನು ಕಂಡವರೇ ಬಾಗಿಲಿನ ಮೆಟ್ಟಲನ್ನು ಬಳಸದೆಯೇ ಕೆಳಗಿಳಿದರು. ಇನ್ನೊಬ್ಬರು ಜೀಪು ತಂದು, “ವಯರು ಕೊಟ್ಟು ಸ್ಟಾರ್ಟು ಮಾಡಿಬಿಡುವ, ಆಮೇಲೆ ನೋಡಿಕೊಳ್ಳುವ” ಎಂದರು. ನಮಗೂ ಅದೇ ಸರಿ ಕಂಡಿತು.

ತಡೆದವರು ನಮ್ಮ ಬಸ್ಸಿನ ಚಾಲಕರು. ಶಾಲೆ ಮುಚ್ಚಿದ್ದ ಅಷ್ಟೂ ಕಾಲ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿ ಸಂಸಾರ ಸಾಗಿಸಿದವರು ಅವರು. ನಮ್ಮೆಲ್ಲರಿಗಿಂತ ಅವಸರ ಇರಬೇಕಾದದ್ದು ಅವರಿಗೆ. ಆದರೂ, “ಜ್ವರ ಬಿಟ್ಟವನಿಗೆ ಮೊದಲು ಗಂಜಿ ಕೊಡುವುದು ಕ್ರಮ” ಎಂದು ಹೇಳಿ, ಗಾಳಿ ಸೋಸುವ ಫಿಲ್ಟರನ್ನು ಬಿಚ್ಚಿದರು. ಒಳಗೆ ಇಲಿಯ ಸಂಸಾರ! ತೆಂಗಿನ ನಾರು, ಕಾಗದದ ಚೂರು, ಹರಿದ ಸೀಟಿನ ಸ್ಪಂಜು. ಆಗಲೇ ಸ್ಟಾರ್ಟು ಮಾಡಿದ್ದರೆ ಆ ಕಸ ಎಂಜಿನಿನ ದಾರಿ ಹಿಡಿಯುತ್ತಿತ್ತು. ಜೀಪಿನವರು ಮೆಲ್ಲನೆ ವಯರು ಸುತ್ತಿ ಒಳಗಿಟ್ಟರು.

ಮುಂದಿನ ಮೂರು ವಾರ ನಮಗೆ ಪಾಠಶಾಲೆಯೇ ಆಯಿತು. ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಆರು ಕೋಶಗಳಿವೆ. ಅದು ಖಾಲಿಯಾಗಿ ಬಹುಕಾಲ ಹಾಗೆಯೇ ಉಳಿದರೆ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟುತ್ತದೆ. ಮತ್ತೆ ಎಷ್ಟು ಚಾರ್ಜು ಮಾಡಿದರೂ ಹಿಡಿಯದು. ನಮ್ಮದು ಹಾಗೆಯೇ ಸತ್ತಿತ್ತು. ಮೊದಲ ದಿನವೇ ಒಂದು ತಂತಿ ಬಿಚ್ಚಿಟ್ಟಿದ್ದು, ನಡುನಡುವೆ ಚಾರ್ಜು ಮಾಡಿಸಿದ್ದರೆ ಅದು ಬದುಕುತ್ತಿತ್ತು. ಡೀಸೆಲ್ ಟ್ಯಾಂಕಿನಲ್ಲಿ ಕಾಲುಭಾಗ ಮಾತ್ರ ಎಣ್ಣೆಯಿತ್ತು. ಉಳಿದ ಜಾಗದ ಗಾಳಿಯ ತೇವ ತಣಿದು ನೀರಾಗಿ, ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರಿತ್ತು. ಅದನ್ನೆಲ್ಲ ಬಸಿದು, ಫಿಲ್ಟರು ಬದಲಿಸಿ, ಕೈಪಂಪು ಒತ್ತಿ ಕೊಳವೆಯ ಗಾಳಿ ತೆಗೆಯಬೇಕಾಯಿತು.

ಟಯರುಗಳ ಹಲ್ಲು ಹೊಸದರಂತಿತ್ತು. “ಇದಕ್ಕೇನಾಗಿದೆ?” ಎಂದೆವು. ಚಾಲಕರು ಬದಿಯಲ್ಲಿ ಅಚ್ಚಾದ 2315 ಎಂಬ ಅಂಕೆಯನ್ನು ತೋರಿಸಿದರು. 2015ರ ಇಪ್ಪತ್ತಮೂರನೆಯ ವಾರ ತಯಾರಾದದ್ದೆಂದು ಅದರ ಅರ್ಥ. ನಿಂತಲ್ಲೇ ಭಾರ ಹೊತ್ತು ಬದಿಯ ರಬ್ಬರು ಬಿರಿದಿತ್ತು. ಓಡದ ಟಯರಿಗೂ ವಯಸ್ಸಾಗುತ್ತದೆ!

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬ್ರೇಕಿನದು. ಹ್ಯಾಂಡ್‌ಬ್ರೇಕ್ ಎಳೆದಿಟ್ಟ ಕಾರಣ ಹಿಂದಿನ ಚಕ್ರದ ಬ್ರೇಕಿನ ಪಟ್ಟಿ ತುಕ್ಕು ಹಿಡಿದು ಡ್ರಮ್ಮಿಗೆ ಕಚ್ಚಿಕೊಂಡಿತ್ತು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಜಾತಿಯದು. ಅದನ್ನೂ ಪೂರ್ತಿ ಬದಲಿಸಬೇಕು. ಬಿಡಿಭಾಗಗಳಿಗೆ ಮಂಗಳೂರಿಗೇ ಹೋಗಬೇಕು. ಆಗ ತಲಪಾಡಿಯ ಗಡಿ ದಾಟಲು ಆರ್‌ಟಿಪಿಸಿಆರ್ ವರದಿ ಬೇಕಿತ್ತು. ಒಂದು ರಬ್ಬರಿನ ವಾಷರಿಗಾಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರು ನಾವು.

ಖರ್ಚಿಗೆ ಪಟ್ಟಿ ಹಿಡಿದು ಮನೆಮನೆಗೆ ಹೋದೆವು. ಕೆಲವರು ನೂರು ಕೊಟ್ಟರು, ಕೆಲವರು ಸಾವಿರ ಕೊಟ್ಟರು. ಒಬ್ಬರು ಒಂದು ಮೂಟೆ ಅಡಿಕೆಯನ್ನೇ ಹೊರಿಸಿ ಕಳಿಸಿದರು. ಫೋನು ಮಾಡಿದ್ದ ಆ ತಾಯಿ ಬಂದು ಆಸನಗಳನ್ನೆಲ್ಲ ಸಾಬೂನು ಹಾಕಿ ತಿಕ್ಕಿದರು.

ಕೊನೆಗೆ, ಡೀಸೆಲ್ ಹೋಗದಂತೆ ತಡೆದು ಎಂಜಿನನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ, ಒಣಗಿದ ಭಾಗಗಳಿಗೆ ಎಣ್ಣೆ ಮುಟ್ಟಿಸಿ, ಆಮೇಲೆ ಕೀಲಿ ತಿರುಗಿಸಿದರು. ಬಸ್ಸು ಎರಡು ಸಲ ಕೆಮ್ಮಿತು. ಮೂರನೆಯ ಸಲ ಕರಿಹೊಗೆ ಬಿಟ್ಟು ಗುಡುಗಿತು. ನಾವು ಐವತ್ತು ದಾಟಿದವರು ಮಕ್ಕಳಂತೆ ಚಪ್ಪಾಳೆ ತಟ್ಟಿದೆವು. ಚಾಲಕರು ಮಾತ್ರ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ತಪಾಸಣೆಯೂ ಮುಗಿಯಿತು. ನವೆಂಬರ್ 1, ಸೋಮವಾರ. ಒಂದು ಆಸನಕ್ಕೆ ಒಬ್ಬರಂತೆ ಕುಳ್ಳಿರಿಸಬೇಕಾದ್ದರಿಂದ ಎರಡು ಸುತ್ತು. ಗುಡ್ಡದ ತಿರುವಿನಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಹತ್ತಿದಳು. ಒಂದನೆಯ ತರಗತಿಯನ್ನು ಮನೆಯಲ್ಲೇ ಕಳೆದ ಮಗು. ಅವಳು ಶಾಲೆಯನ್ನೂ ಕಂಡಿರಲಿಲ್ಲ, ಈ ಬಸ್ಸನ್ನೂ ಕಂಡಿರಲಿಲ್ಲ. ಅಮ್ಮನ ಸೆರಗು ಬಿಡದೆ ಅಳುತ್ತಿದ್ದವಳಿಗೆ ಚಾಲಕರು, “ಇದಕ್ಕೂ ಇವತ್ತು ಹೊಸದು ಮಗಾ, ಮೆಲ್ಲ ಹೋಗುವ” ಎಂದರು. ಮಗು ಹತ್ತಿ ಕುಳಿತಿತು.

ಆ ವರ್ಷ ಶಾಲೆಯೊಳಗೆ ನಡೆದದ್ದೂ ಇದೇ. ಕಾಗುಣಿತ ಮರೆತವರಿದ್ದರು, ಮಾತೇ ಮರೆತವರಿದ್ದರು. ನಮ್ಮ ಅಧ್ಯಾಪಕರು ಯಾರನ್ನೂ ಒಮ್ಮೆಲೇ ಓಡಿಸಲಿಲ್ಲ.

ಮಕ್ಕಳೇ, ಈಗ ಪ್ರತಿ ಬೇಸಿಗೆ ರಜೆಯಲ್ಲಿ ಬಸ್ಸಿನ ಟ್ಯಾಂಕು ತುಂಬಿರುತ್ತದೆ, ಚಕ್ರಕ್ಕೆ ಮರದ ತುಂಡು ಕೊಟ್ಟು ಹ್ಯಾಂಡ್‌ಬ್ರೇಕ್ ಬಿಟ್ಟಿರುತ್ತೇವೆ, ಹತ್ತು ದಿನಕ್ಕೊಮ್ಮೆ ಅಂಗಳದಲ್ಲಿ ಒಂದು ಸುತ್ತು ಓಡಿಸುತ್ತೇವೆ. ರಜೆಯಲ್ಲಿ ನಿಮ್ಮ ಸೈಕಲ್ಲನ್ನೂ ಹೀಗೆಯೇ ನೋಡಿಕೊಳ್ಳಿ. ಹಾಗೆಯೇ ಹತ್ತು ದಿನಕ್ಕೊಮ್ಮೆಯಾದರೂ ಕನ್ನಡದಲ್ಲಿ ಒಂದು ಪುಟ ಬರೆಯಿರಿ.